ಚಲುವರಾಜು ತುಂಬಿಕೊಟ್ಟ ಕ್ಯಾಸೆಟ್ಟು

ಗಾಂಧಿಬಜಾರಿನ ಹೂವಿನ ಸಾಲು ಮುಗಿದ ಮೇಲೆ ಎಡಕ್ಕೆ ತಿರುಗಿದರೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಶೀನಣ್ಣನ ಅಂಗಡಿಯಿತ್ತು. ಆರಡಿ ಅಗಲ, ಹನ್ನೆರಡಡಿ ಉದ್ದ. ಗೋಡೆಯ ತುಂಬ ಎಲ್.ಪಿ. ರೆಕಾರ್ಡುಗಳು, ಮೂಲೆಯಲ್ಲಿ ಎರಡು ಟೇಪ್ ಡೆಕ್ಕುಗಳು. ಬೇಕಾದ ಹಾಡುಗಳನ್ನು ಚೀಟಿಯಲ್ಲಿ ಬರೆದು ಖಾಲಿ ಕ್ಯಾಸೆಟ್ಟಿನ ಜೊತೆ ಕೊಟ್ಟು ಬಂದರೆ ಮೂರು ದಿನಕ್ಕೆ ತುಂಬಿಸಿ ಕೊಡುತ್ತಿದ್ದರು. ತೊಂಬತ್ತರ ಆಸುಪಾಸಿನಲ್ಲಿ ಬಸವನಗುಡಿ, ಚಾಮರಾಜಪೇಟೆಯ ಅರ್ಧ ಜನ ಹಾಡು ಕೇಳುತ್ತಿದ್ದುದು ಹೀಗೆ. ಶೀನಣ್ಣನಿಗೆ ವಯಸ್ಸಾಗಿತ್ತು. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು, ನಶ್ಯ ಏರಿಸುತ್ತ, ಬಂದವರ ಜೊತೆ ಹರಟುವುದಷ್ಟೇ ಅವನ ಪಾಲಿನ ಕೆಲಸ. ಹಾಡು ತುಂಬುವುದು, ಡೆಕ್ಕು ರಿಪೇರಿ ಎಲ್ಲ ಮಾವಳ್ಳಿಯ ಚಲುವರಾಜುವಿನದು.

ಸುಪ್ರಜಾ ಮೊದಲ ಸಲ ಆ ಅಂಗಡಿಗೆ ಹೋದಾಗ ಅವಳಿಗೆ ಇಪ್ಪತ್ತೊಂದು ವರ್ಷ. ಚಾಮರಾಜಪೇಟೆಯ ಹುಡುಗಿ, ಅಪ್ಪ ನಂಜುಂಡಯ್ಯನವರು ಹೈಸ್ಕೂಲಿನ ಹೆಡ್ಮಾಸ್ತರು. ತಾಯಿಯಿಲ್ಲದ ಮನೆ. ಅವಳು ಒಂದು ಕಚೇರಿಯಲ್ಲಿ ಟೈಪಿಸ್ಟ್ ಆಗಿ ಸೇರಿ ಆರು ತಿಂಗಳಾಗಿತ್ತಷ್ಟೆ. ಹಳೆಯ ಸಿನಿಮಾ ಹಾಡುಗಳೆಂದರೆ ಅವಳಿಗೆ ಪ್ರಾಣ.

ಚಲುವರಾಜು ಅವಳ ಚೀಟಿಯನ್ನು ಮೇಲಿಂದ ಕೆಳಗೆ ಓದಿದ.

"ಇದು ಅರವತ್ತು ನಿಮಿಷದ ಕ್ಯಾಸೆಟ್ಟು ಮೇಡಂ. ನೀವು ಹದಿನೇಳು ಹಾಡು ಬರ್ದಿದೀರ. ಹಿಡಿಸಲ್ಲ."

"ಎಷ್ಟು ಹಿಡಿಸುತ್ತೆ?"

"ಹದಿಮೂರು. ಯಾವ್ದು ಬಿಡ್ಲಿ ಹೇಳಿ."

ಯಾವುದನ್ನೂ ಬಿಡಲು ಅವಳಿಗೆ ಮನಸ್ಸಾಗಲಿಲ್ಲ. "ನೀವೇ ನೋಡಿ ಬಿಡಿ" ಎಂದಳು.

"ಆಮೇಲೆ ಜಗಳಕ್ಕೆ ಬರ್ಬಾರ್ದು ಮತ್ತೆ."

ಆದರೆ ಮೂರು ದಿನ ಬಿಟ್ಟು ಹೋದಾಗ ಅವಳು ಜಗಳವನ್ನೇ ಆಡಿದಳು. ನಾಲ್ಕು ಹಾಡು ಬಿಟ್ಟಿದ್ದಕ್ಕಲ್ಲ, ಉಳಿದವುಗಳ ಸರದಿಯನ್ನು ಅವನು ಬದಲಿಸಿದ್ದಕ್ಕೆ. ಚಲುವರಾಜು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. "ನೀವು ಬರ್ದ ಹಾಗೇ ತುಂಬಿದ್ರೆ ಒಂದರ ಹಿಂದೆ ಒಂದು ಮೂರು ಅಳೋ ಹಾಡು ಬರುತ್ತೆ. ಮೂರನೇದಕ್ಕೆ ಅಳು ಬರಲ್ಲ, ಬೇಜಾರು ಬರುತ್ತೆ. ಮಧ್ಯ ಒಂದು ನಗೋ ಹಾಡು ಹಾಕಿದೀನಿ. ಮನೇಗ್ ಹೋಗಿ ಕೇಳಿ. ಹಿಡಿಸ್ಲಿಲ್ಲ ಅಂದ್ರೆ ಪುನಃ ತುಂಬ್ಕೊಡ್ತೀನಿ" ಎಂದ.

ಅವಳು ಮನೆಗೆ ಹೋಗಿ ಕೇಳಿದಳು. ಎರಡು ಸಲ ಕೇಳಿದಳು. ಮೂರನೆಯ ದಿನ ಇನ್ನೊಂದು ಖಾಲಿ ಕ್ಯಾಸೆಟ್ಟು ಹಿಡಿದು ಮತ್ತೆ ಅಂಗಡಿಗೆ ಬಂದಳು. ಈ ಸಲ ಚೀಟಿಯಲ್ಲಿ ಹದಿಮೂರೇ ಹಾಡು, ಕೆಳಗೆ 'ಸರದಿ ನಿಮ್ಮಿಷ್ಟ' ಎಂದು ಬರೆದಿತ್ತು.

ಚಲುವರಾಜುವಿನ ಕಿವಿ ಅಂಥದ್ದು. ಒಂದು ಸಂಜೆ ಅವಳು ಅಂಗಡಿಯ ಮುಂದೆ ನಿಂತಿದ್ದಾಗ ಎದುರಿನ ಹೋಟೆಲಿನಲ್ಲಿ ಭಕ್ತಿಗೀತೆ ಹಾಕಿದ್ದರು. ಅವನು ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು, ರಸ್ತೆ ದಾಟಿ ಹೋಗಿ, ಮಾಲೀಕನಿಗೆ ಏನೋ ಹೇಳಿ, ಟೇಪ್ ರೆಕಾರ್ಡರನ್ನೇ ಕಂಕುಳಲ್ಲಿ ಇಟ್ಟುಕೊಂಡು ಬಂದ. "ಬೆಲ್ಟ್ ಜೋತ್ಬಿದ್ದಿದೆ. ಹಾಡು ಒಂದೆಳೆ ನಿಧಾನ ಓಡ್ತಿದೆ. ಒಂದ್ ವಾರದಿಂದ ತಡ್ಕೊಂಡಿದ್ದೆ, ಇನ್ನು ಆಗಲ್ಲ" ಎಂದ. ಸುಪ್ರಜಾಳಿಗೆ ಆ ಹಾಡಿನಲ್ಲಿ ಒಂದಿಷ್ಟೂ ವ್ಯತ್ಯಾಸ ತಿಳಿದಿರಲಿಲ್ಲ. ಶೀನಣ್ಣ ಮೂಗು ಒರೆಸಿಕೊಳ್ಳುತ್ತ, "ಇವನ ಕಿವಿ ಇವನಿಗೇ ಶತ್ರು ಕಣಮ್ಮ. ಊರಿನ ಟೇಪೆಲ್ಲ ಬಿಟ್ಟಿ ರಿಪೇರಿ ಮಾಡ್ತಾನೆ" ಎಂದು ನಕ್ಕ.

ಇನ್ನೊಂದು ದಿನ ಅವನು ಹೆಡ್‌ಫೋನನ್ನು ಅವಳ ಕೈಗೆ ಕೊಟ್ಟು, ಕೊಳಲಿನಿಂದ ಶುರುವಾಗುವ ಹಾಡೊಂದನ್ನು ಹಾಕಿದ. "ಪಲ್ಲವಿಗೆ ಮುಂಚೆ ಆಯಮ್ಮ ಉಸಿರು ತಗೋತಾರೆ, ಕೇಳಿಸ್ತಾ? ಬೇರೆ ಅಂಗಡಿಯೋರು ಅದನ್ನ ಕಟ್ ಮಾಡ್ಬಿಡ್ತಾರೆ. ನಾನು ಮಾಡಲ್ಲ" ಎಂದ. ಅವಳಿಗೆ ಕೇಳಿಸಿತು. ಕಣ್ಣೆತ್ತಿ ನೋಡಿದಾಗ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಏನಾಗಬೇಕಿತ್ತೋ ಅದು ಆ ಹೊತ್ತಿಗೇ ಆಗಿಹೋಯಿತು.

ನಂಜುಂಡಯ್ಯನವರು ಮದುವೆಗೆ ಸುತಾರಾಂ ಒಪ್ಪಲಿಲ್ಲ. ಜಾತಿಯ ಮಾತನ್ನು ಅವರು ಬಾಯಿಬಿಟ್ಟು ಆಡಲಿಲ್ಲ, ಮೇಷ್ಟರಾಗಿದ್ದವರು, ನಾಚಿಕೆಯಾಗಿರಬೇಕು. "ಕಂಡೋರ ಹಾಡು ಕದ್ದು ತುಂಬಿಕೊಡೋನು. ಅದೂ ಒಂದು ಉದ್ಯೋಗವೇನೇ?" ಎಂದರು. ತೊಂಬತ್ಮೂರರಲ್ಲಿ ಅವರಿಬ್ಬರೂ ರಿಜಿಸ್ಟ್ರಾರ್ ಕಚೇರಿಯಲ್ಲಿ ಮದುವೆಯಾದರು. ಶೀನಣ್ಣ ಸಾಕ್ಷಿ ಹಾಕಿದ. ಚಲುವರಾಜುವಿನ ತಾಯಿ ಪಿಳ್ಳಮ್ಮ ಮಾವಳ್ಳಿಯ ಮನೆಯಲ್ಲಿ ಎರಡು ಹಸು ಕಟ್ಟಿಕೊಂಡು ಹಾಲು ಮಾರುತ್ತಿದ್ದವಳು. ಸೊಸೆಯನ್ನು ಬಾಗಿಲಲ್ಲಿ ನಿಲ್ಲಿಸಿ ಆರತಿ ಎತ್ತಿ, "ನಮ್ಮನೇಲಿ ಸಗಣಿ ವಾಸ್ನೆ ಇರ್ತದೆ ಕಣವ್ವ, ಒಂದ್ವಾರಕ್ಕೆ ಅಭ್ಯಾಸ ಆಯ್ತದೆ" ಎಂದಳು. ನಿಜಕ್ಕೂ ಒಂದು ವಾರದಲ್ಲಿ ಅಭ್ಯಾಸವಾಯಿತು. ತೊಂಬತ್ತೈದರಲ್ಲಿ ಧೃತಿ ಹುಟ್ಟಿದಾಗ ನಂಜುಂಡಯ್ಯನವರೂ ಬಂದು, ಪಿಳ್ಳಮ್ಮನ ಮಂಚದ ಮೇಲೆ ಕೂತು, ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಣ್ಣೊರೆಸಿಕೊಂಡರು.

ಆ ನಾಲ್ಕೈದು ವರ್ಷ ಅವರ ಮನೆಯಲ್ಲಿ ಹಾಡು ನಿಂತದ್ದೇ ಇಲ್ಲ. ಚಲುವರಾಜು ಅಂಗಡಿಯಿಂದ ಬಂದವನೇ ಟೇಪು ಹಾಕುತ್ತಿದ್ದ. ಸುಪ್ರಜಾ ಸಾರಿಗೆ ಒಗ್ಗರಣೆ ಹಾಕುವಾಗ, "ತಡಿಯೇ, ಈ ಪಿಟೀಲು ಮುಗೀಲಿ, ಆಮೇಲೆ ಚಟಪಟ ಅನ್ಸು" ಎನ್ನುತ್ತಿದ್ದ. ಒಗ್ಗರಣೆಯ ಸೌಟು ಹಿಡಿದು ಅವಳು ನಿಜವಾಗಿಯೂ ಕಾಯುತ್ತಿದ್ದಳು. ಸಾಸಿವೆ ಸೀದು ಹೋಗುತ್ತಿತ್ತು.

ಆಮೇಲೆ ಕಾಲ ಬದಲಾಯಿತು. ತುಂಬಿದ ಕ್ಯಾಸೆಟ್ಟುಗಳೇ ಫುಟ್‌ಪಾತಿನಲ್ಲಿ ರಾಶಿ ರಾಶಿ ಬಂದು ಬಿದ್ದವು. ಹಿಂದೆಯೇ ಸಿ.ಡಿ. ಬಂತು. ಚೀಟಿ ಬರೆದುಕೊಂಡು ಬರುವವರು ವಾರಕ್ಕೆ ಒಬ್ಬರೂ ಇಲ್ಲವಾದರು. ಶೀನಣ್ಣ ತೀರಿಕೊಂಡ ಮೇಲೆ ಅವನ ಅಳಿಯ ಅಂಗಡಿಯನ್ನು ರೆಡಿಮೇಡ್ ಬಟ್ಟೆಯವರಿಗೆ ಕೊಟ್ಟುಬಿಟ್ಟ. ಚಲುವರಾಜು ಎರಡು ಡೆಕ್ಕು, ಒಂದು ಟ್ರಂಕು ಕ್ಯಾಸೆಟ್ಟು ಹೊತ್ತು ಮನೆಗೆ ಬಂದ. ಹಜಾರದಲ್ಲಿ ಕೂತು ಅಕ್ಕಪಕ್ಕದವರ ಟಿ.ವಿ., ಮಿಕ್ಸಿ ರಿಪೇರಿ ಮಾಡತೊಡಗಿದ. ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇಲ್ಲದ ದಿನ ಹಾಡು ಕೇಳುತ್ತ ಕೂರುತ್ತಿದ್ದ.

ಸುಪ್ರಜಾಳ ಕಚೇರಿಯ ಗೆಳತಿಯ ಅಣ್ಣ ಮಸ್ಕತ್ತಿನಲ್ಲಿದ್ದ. ಅಲ್ಲಿನ ದೊಡ್ಡ ಕಟ್ಟಡವೊಂದರ ಜನರೇಟರ್ ರೂಮಿಗೆ ಟೆಕ್ನಿಷಿಯನ್ ಬೇಕಾಗಿದ್ದಾರೆ ಎಂದು ತಿಳಿಸಿದ. ಚಲುವರಾಜುವಿಗೆ ಇಷ್ಟವಿರಲಿಲ್ಲ.

"ನಂಗೆ ಆ ಕೆಲ್ಸ ಗೊತ್ತಿಲ್ಲ ಸುಪ್ರಜಾ."

"ಅದೂ ಮೆಷೀನು ತಾನೇ? ಇಲ್ಲಿ ಚಿಕ್ಕದು, ಅಲ್ಲಿ ದೊಡ್ಡದು."

ಮೂರು ತಿಂಗಳು ಅವಳು ಬಿಡಲಿಲ್ಲ. ಒಂದು ದಿನ ತಾಳ್ಮೆ ತಪ್ಪಿ, "ನೀವು ಹೀಗೆ ಹಾಡು ಕೇಳ್ಕೊಂಡು ಕೂತ್ರೆ ಮಗು ತಾನಾಗೇ ದೊಡ್ಡದಾಗ್ಬಿಡುತ್ತಾ?" ಎಂದಳು. ಪಿಳ್ಳಮ್ಮ ಕೊಟ್ಟಿಗೆಯಿಂದ ತಲೆ ಹೊರಹಾಕಿ ನೋಡಿದಳು. ಚಲುವರಾಜು ಏಳಲಿಲ್ಲ. ಕೂತಲ್ಲಿಂದಲೇ ಕೈ ಚಾಚಿ ಟೇಪನ್ನು ಆರಿಸಿದ. ಮಾರನೆಯ ದಿನ ಪಾಸ್‌ಪೋರ್ಟಿಗೆ ಫೋಟೋ ತೆಗೆಸಿಕೊಂಡು ಬಂದ.

ಅವನು ಹೋದದ್ದು ತೊಂಬತ್ತೆಂಟರಲ್ಲಿ. ಎರಡು ವರ್ಷದ ಮೇಲೆ ಹೆಂಡತಿ ಮಗಳನ್ನು ಕರೆಸಿಕೊಂಡ. ರುವಿ ಎಂಬ ಬಡಾವಣೆಯಲ್ಲಿ ಎರಡನೆಯ ಮಹಡಿಯ ಮನೆ. ಕೆಳಗೆ ಮಲಯಾಳಿಗಳ ಬೇಕರಿ, ಹಿಂದಿನ ಬೀದಿಯಲ್ಲಿ ಮಸೀದಿ, ಅದರಾಚೆ ಒಂದು ಗಿಡವೂ ಇಲ್ಲದ ಬೋಳು ಬೆಟ್ಟ.

ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋಗಲು ಬಂದವನನ್ನು ನೋಡಿದಾಗ ಸುಪ್ರಜಾಳಿಗೆ ಅವನು ಸ್ವಲ್ಪ ಇಳಿದಿದ್ದಾನೆ ಅನ್ನಿಸಿತು, ಅಷ್ಟೆ. ಬದಲಾವಣೆ ಗೊತ್ತಾಗುತ್ತ ಬಂದದ್ದು ಆಮೇಲೆ, ಒಂದೊಂದಾಗಿ. ಮಾತು ಕಡಿಮೆಯಾಗಿತ್ತು. ಕೇಳಿದ್ದಕ್ಕೆ ಉತ್ತರವಿಲ್ಲ, ಇಲ್ಲವೇ ಸಂಬಂಧವಿಲ್ಲದ ಉತ್ತರ. "ನಾಳೆ ಧೃತಿ ಸ್ಕೂಲಲ್ಲಿ ಮೀಟಿಂಗ್ ಇದೆ ರೀ" ಎಂದರೆ "ಹ್ಞೂಂ, ತಿಂದೆ" ಎನ್ನುವನು. ಅವಳು ಅಡುಗೆಮನೆಯಿಂದ ಹತ್ತು ಮಾತು ಆಡಿದರೆ ಒಂದಕ್ಕೂ ಓಗೊಡುವುದಿಲ್ಲ. ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಹಾಡಿನ ಕಾರ್ಯಕ್ರಮ ಇಟ್ಟು ಕರೆದಾಗ, "ತಲೆನೋವು, ನೀವಿಬ್ರೂ ಹೋಗ್ಬನ್ನಿ" ಎಂದ. ಮರುವರ್ಷವೂ ಹಾಗೆಯೇ ಅಂದ. ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಕೊಳ್ಳೋಣವೆಂದರೆ "ಈಗ್ಯಾಕೆ ಅದೆಲ್ಲ" ಎಂದು ಮುಖ ತಿರುಗಿಸಿದ.

ಅವಳು ತನ್ನಷ್ಟಕ್ಕೇ ಒಂದು ಅರ್ಥ ಮಾಡಿಕೊಂಡಳು. ಇವರಿಗೆ ನನ್ನ ಮೇಲೆ ಸಿಟ್ಟು. ಅಂಗಡಿ ಹೋಯಿತು, ಊರು ಹೋಯಿತು. ಇಲ್ಲಿಗೆ ತಳ್ಳಿದವಳು ನಾನು. ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ಮಾತು ಬಿಟ್ಟು ತೀರಿಸಿಕೊಳ್ಳುತ್ತಿದ್ದಾರೆ. ಮೊದಮೊದಲು ಅತ್ತಳು. ಆಮೇಲೆ ಅವಳಿಗೂ ಹಟ ಬಂತು. ನಾನೊಬ್ಬಳೇ ಯಾಕೆ ಗೋಡೆಗೆ ಮಾತಾಡಲಿ ಎಂದುಕೊಂಡು ಅವಳೂ ಸುಮ್ಮನಾದಳು. ಹಾಡಂತೂ ಮರೆತೇ ಹೋಯಿತು. ಹೀಗೆ ಐದು ವರ್ಷ ಕಳೆಯಿತು.

ಎರಡು ಸಾವಿರದ ಐದರಲ್ಲಿ ಅದೇ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿದ್ದ ಶೈಲಜಮ್ಮ ಊರಿಗೆ ವಾಪಸ್ಸು ಹೊರಟರು. ಅವರ ತವರು ಬಸವನಗುಡಿ. ಮಸ್ಕತ್ತಿಗೆ ಬಂದು ಹನ್ನೆರಡು ವರ್ಷವಾಗಿತ್ತು. ಸಾಮಾನು ಕಟ್ಟಲು ಸುಪ್ರಜಾ ಸಹಾಯಕ್ಕೆ ಹೋಗಿದ್ದಳು. ಅಟ್ಟದಿಂದ ರೇಡಿಯೋ, ಟೇಪು ಎರಡೂ ಇರುವ ಒಂದು ಹಳೆಯ ಟೂ-ಇನ್-ಒನ್ನೂ ಬಿಸ್ಕತ್ತಿನ ತಗಡಿನ ಡಬ್ಬಿಯೂ ಇಳಿದವು.

"ಇದನ್ನ ನೀವೇ ಇಟ್ಕೊಳ್ಳಿ ಸುಪ್ರಜಾ. ಇನ್ನು ಯಾರ್ ಕೇಳ್ತಾರೆ ಕ್ಯಾಸೆಟ್ಟು? ಎಸೆಯಕ್ಕೆ ಮನಸ್ಸು ಬರಲ್ಲ" ಎಂದರು ಶೈಲಜಮ್ಮ.

ಡಬ್ಬಿಯ ಮುಚ್ಚಳ ತೆಗೆದ ಸುಪ್ರಜಾ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಮೇಲಿನ ಕ್ಯಾಸೆಟ್ಟಿನ ಹೊದಿಕೆಯ ಮೇಲೆ ನೀಲಿ ಶಾಯಿಯಲ್ಲಿ ಹಾಡುಗಳ ಪಟ್ಟಿ. 'ಹ' ಬರೆಯುವಾಗ ಬಾಲವನ್ನು ಉದ್ದಕ್ಕೆ ಎಳೆಯುವ ಆ ಕೈಬರಹ ಅವಳಿಗೆ ಗೊತ್ತಿತ್ತು. ಶೀನಣ್ಣನ ಅಂಗಡಿಯ ರಬ್ಬರ್ ಮೊಹರೂ ಮೂಲೆಯಲ್ಲಿ ಮಸುಕಾಗಿ ಉಳಿದಿತ್ತು.

"ಇದನ್ನ ತುಂಬಿರೋದು ನಮ್ಮನೆಯವರು" ಎಂದಳು.

"ಏನಂದ್ರಿ? ಗಿರಣಿ ಪಕ್ಕದ ಅಂಗಡೀಲಿ ಕೂರ್ತಿದ್ದೋರು ಚಲುವರಾಜು ಅವ್ರೇನಾ?" ಶೈಲಜಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು. "ಅಯ್ಯೋ ದೇವ್ರೇ, ನಾನು ಕಾಲೇಜಿಗೆ ಹೋಗ್ವಾಗ ಮಾಡ್ಸಿದ್ದು ಇದು. ಲಿಫ್ಟಲ್ಲಿ ಎಷ್ಟು ಸಲ ಮಾತಾಡ್ಸಿದೀನಿ ಅವರನ್ನ, ಸುಮ್ನೆ ತಲೆ ಆಡ್ಸಿ ಹೋಗ್ಬಿಡ್ತಾರೆ. ಬಿಗುಮಾನದೋರು ಅಂದ್ಕೊಂಡಿದ್ದೆ."

ಅದು ಗುರುವಾರ. ಮರುದಿನ ಶುಕ್ರವಾರ ಅಲ್ಲಿ ವಾರದ ರಜೆ, ಚಲುವರಾಜು ಸಂಜೆ ಬೇಗ ಬರುವ ದಿನ. ಸುಪ್ರಜಾ ಮನೆಗೆ ಬಂದು, ಟೂ-ಇನ್-ಒನ್ನನ್ನು ಊಟದ ಮೇಜಿನ ಮೇಲೆ ಇಟ್ಟು, ಹತ್ತಿಯಿಂದ ಹೆಡ್ಡು ಒರೆಸಿದಳು. ಅವನಿಂದಲೇ ಕಲಿತದ್ದು. ಕ್ಯಾಸೆಟ್ಟು ಹಾಕಿ ಗುಂಡಿ ಒತ್ತಿದಾಗ ಮೊದಲು ಸರಸರ ಸದ್ದು, ಆಮೇಲೆ ಕೊಳಲು. ಅವನು ಅಂಗಡಿಯಲ್ಲಿ ಅವಳಿಗೆ ಕೇಳಿಸಿದ್ದ ಅದೇ ಹಾಡು. ಆ ಹಾಡಿನ ಜೊತೆಗೆ ಗಾಂಧಿಬಜಾರು ಬಂತು, ಗಿರಣಿಯ ಬಿಸಿ ಹಿಟ್ಟಿನ ವಾಸನೆ ಬಂತು, ಹೆಡ್‌ಫೋನು ಕೊಟ್ಟ ಕೈ ಬಂತು. ಎರಡನೆಯದು ಅಳುವ ಹಾಡು, ಮೂರನೆಯದು ನಗುವ ಹಾಡು. ಯಾರ ಚೀಟಿಯಾದರೂ ಅವನು ಸರದಿಯನ್ನು ತಾನೇ ಜೋಡಿಸುತ್ತಿದ್ದನಲ್ಲ! ಸುಪ್ರಜಾ ಒಬ್ಬಳೇ ಕೂತು ನಗುತ್ತ ಅಳುತ್ತ ಕೇಳಿದಳು. ಒಳಗಿದ್ದ ಹಟವೆಲ್ಲ ಕರಗಿಹೋಯಿತು. ಇವರು ಬರಲಿ, ಇದನ್ನು ಹಾಕಿಬಿಡುತ್ತೇನೆ, ಮಾತೇ ಬೇಡ, ಅರ್ಥವಾಗುತ್ತದೆ ಎಂದುಕೊಂಡಳು. ತಲೆ ಬಾಚಿಕೊಂಡಳು. ಅವನಿಗೆ ಪ್ರಿಯವಾದ ಅವರೆಕಾಳಿನ ಉಪ್ಪಿಟ್ಟಿಗೆ ರವೆ ಹುರಿದಳು. ಫ್ರೀಜರಿನಲ್ಲಿ ಊರಿಂದ ತಂದ ಕಾಳು ಒಂದು ಹಿಡಿ ಉಳಿದಿತ್ತು.

ಚಲುವರಾಜು ಬಂದವನೇ ಸ್ನಾನಕ್ಕೆ ಹೋದ. ಅವಳು ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿ ಹಾಕಿದಳು. ಕೊಳಲು ಶುರುವಾಗುತ್ತಿದ್ದಂತೆ ಹಿಂದಿನ ಬೀದಿಯಿಂದ ಆಜಾನ್ ಕೇಳಿಸಿತು. ಆ ಹೊತ್ತಿನಲ್ಲಿ ಟಿ.ವಿ. ಸದ್ದನ್ನು ತಗ್ಗಿಸುವುದು ಆ ಕಟ್ಟಡದ ಎಲ್ಲರ ರೂಢಿ. ಅವಳೂ ಹಾಡಿನ ದನಿಯನ್ನು ಪೂರ್ತಿ ಇಳಿಸಿ, ಮುಗಿದ ಮೇಲೆ ಏರಿಸಿದರಾಯಿತೆಂದು ಟೇಪನ್ನು ಓಡಲು ಬಿಟ್ಟು ಒಲೆಯ ಕಡೆ ಹೋದಳು.

ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತ ಚಲುವರಾಜು ಹೊರಗೆ ಬಂದ. ಮೇಜಿನ ಮೇಲಿದ್ದ ಟೂ-ಇನ್-ಒನ್ನನ್ನು ನೋಡಿ ನಿಂತ. ಕ್ಯಾಸೆಟ್ಟಿನ ಹೊದಿಕೆಯನ್ನು ಎತ್ತಿ ಕಣ್ಣ ಹತ್ತಿರ ಹಿಡಿದು ತನ್ನದೇ ಕೈಬರಹ ಓದಿದ. ಅವನ ಮುಖ ಅರಳಿದ್ದನ್ನು ಅವಳು ಅಡುಗೆಮನೆಯ ಬಾಗಿಲಿಂದ ನೋಡಿದಳು. ಎಷ್ಟು ವರ್ಷವಾಗಿತ್ತು ಆ ಮುಖ ನೋಡಿ! ಅವನು ಕುರ್ಚಿ ಎಳೆದು ಕೂತ. ಸುತ್ತುತ್ತಿದ್ದ ರೀಲನ್ನೇ ನೋಡುತ್ತ, ಬೆರಳುಗಳಿಂದ ಮೇಜಿನ ಮೇಲೆ ಮೆಲ್ಲಗೆ ತಾಳ ಹಾಕತೊಡಗಿದ. ತಲೆಯನ್ನೂ ಒಂದೆರಡು ಸಲ ತೂಗಿದ. ಬಾಗಿಲಲ್ಲಿ ನಿಂತ ಅವಳ ಕಡೆ ತಿರುಗಿ, "ಎಲ್ ಸಿಕ್ತೇ ಇದು? ಪರ್ವಾಗಿಲ್ಲ, ಇನ್ನೂ ಚೆನ್ನಾಗ್ ಬರ್ತಿದೆ" ಎಂದ.

ಆಜಾನ್ ಆಗಲೇ ಮುಗಿದಿತ್ತು. ಮನೆಯೊಳಗೆ ಬಾಣಲೆಯ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ.

ದನಿಯನ್ನು ತಾನು ಮತ್ತೆ ಏರಿಸಿರಲಿಲ್ಲ ಎಂಬುದು ಸುಪ್ರಜಾಳಿಗೆ ಆಗ ನೆನಪಾಯಿತು. "ಹ್ಞೂಂ" ಎಂದಳು ಹೇಗೋ. ಅವನು ಮತ್ತೆ ರೀಲಿನ ಕಡೆ ತಿರುಗಿ ತಾಳ ಹಾಕುತ್ತ ಕೂತ. ಅವಳು ಒಲೆ ಆರಿಸಿ, ಗೋಡೆಗೆ ಒರಗಿ ನಿಂತಳು. ಹತ್ತು ವರ್ಷದ ಧೃತಿ ಒಳಕೋಣೆಯಿಂದ ಬಂದವಳು ಒಂದು ಸಲ ಅಪ್ಪನನ್ನು ನೋಡಿದಳು, ಒಂದು ಸಲ ಟೂ-ಇನ್-ಒನ್ನನ್ನು ನೋಡಿದಳು. ಅಡುಗೆಮನೆಗೆ ಬಂದು ಅಮ್ಮನ ಸೆರಗು ಹಿಡಿದು ಪಿಸುದನಿಯಲ್ಲಿ, "ಅಮ್ಮಾ, ಅಪ್ಪಂಗೆ ಸರಿಯಾಗ್ ಕೇಳ್ಸಲ್ಲ. ನಿಂಗೆ ಗೊತ್ತೇ ಇಲ್ವಾ?" ಎಂದಳು.

"ನಿಂಗ್ಯಾರ್ ಹೇಳಿದ್ದು?"

"ನಂಗೇ ಗೊತ್ತಾಯ್ತು. ಮುಖ ನೋಡ್ಕೊಂಡು ಮಾತಾಡಿದ್ರೆ ಅರ್ಥ ಮಾಡ್ಕೋತಾರೆ. ಅಮ್ಮಂಗೆ ಹೇಳ್ಬೇಡ ಅಂತ ಪ್ರಾಮಿಸ್ ತಗೊಂಡಿದ್ರು." ಹುಡುಗಿಗೆ ಅಳು ಬಂತು. "ನಾನು ಹೇಳ್ಬಾರ್ದಿತ್ತು ಅಲ್ವಾ?"

ಸುಪ್ರಜಾ ಮಗಳನ್ನು ಅವಚಿಕೊಂಡಳು. ಐದು ವರ್ಷ ಅವಳು ಅವನ ಬೆನ್ನಿಗೆ ಮಾತಾಡಿದ್ದಳು. ಬೆನ್ನು ಉತ್ತರ ಕೊಡಲಿಲ್ಲವೆಂದು ಮಾತು ಬಿಟ್ಟಿದ್ದಳು.

ಮಾರನೆಯ ದಿನ ಬೆಳಿಗ್ಗೆ ಧೃತಿಯನ್ನು ಶೈಲಜಮ್ಮನ ಮನೆಗೆ ಕಳಿಸಿ, ಅವನ ಎದುರು ಕುರ್ಚಿ ಹಾಕಿಕೊಂಡು ಕೂತಳು. ಅವನ ಮುಖ ನೋಡುತ್ತ ನಿಧಾನವಾಗಿ ಕೇಳಿದಳು: "ನಿನ್ನೆ ನೀವು ತಾಳ ಹಾಕ್ವಾಗ ಟೇಪಲ್ಲಿ ಸೌಂಡೇ ಇರ್ಲಿಲ್ಲ ರೀ. ಯಾವತ್ತಿಂದ ಹೀಗೆ?"

ಚಲುವರಾಜು ಕಳ್ಳತನ ಮಾಡಿ ಸಿಕ್ಕಿಬಿದ್ದವನ ಹಾಗೆ ಎರಡೂ ಕೈಯನ್ನು ತೊಡೆಯ ಸಂದಿಗೆ ಸೇರಿಸಿಕೊಂಡ. ಹಾಗೆಯೇ ಕೂತು ಹೇಳಿದ.

"ನೀವು ಬರೋದಕ್ಕೆ ಮುಂಚಿಂದ್ಲೇ. ಕೆಳಗೆ ನಾಲ್ಕು ಜನರೇಟರು, ನೆಲಮಾಳಿಗೆ, ಕಿಟಕಿ ಇಲ್ಲ. ಮೊದ್ಲು ಕಿವೀಲಿ ಗುಂಯ್ ಅಂತಿತ್ತು. ರಾತ್ರಿ ಮಲಗಿದ್ರೆ ಹೋಗುತ್ತೆ ಅಂದ್ಕೊಂಡೆ. ಆಮೇಲೆ ಮೇಲಿನ ಸ್ವರ ಹೋಯ್ತು. ಕೊಳಲು ಹೋಯ್ತು, ಪಿಟೀಲು ಹೋಯ್ತು. ಆಮೇಲೆ ಹೆಂಗಸ್ರ ದನಿ."

"ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ತೋರ್ಸಿದೆ. ಕೆಲ್ಸ ಬಿಡು ಅಂದ್ರು. ಕಂಪನಿಗೆ ಗೊತ್ತಾದ್ರೆ ಅವ್ರೇ ಬಿಡಿಸ್ತಾರೆ. ಧೃತಿ ಆಗ ತಾನೇ ಇಲ್ಲಿ ಸ್ಕೂಲಿಗೆ ಸೇರಿದ್ಲು."

"ನಂಗೆ ಹೇಳ್ಬೇಕು ಅನ್ಸ್ಲಿಲ್ವಾ? ನಂಗೆ?"

ಅವನು ತಲೆ ತಗ್ಗಿಸಿದ. ಅವಳು ಗಲ್ಲ ಹಿಡಿದು ಅವನ ಮುಖ ಎತ್ತಿ ಮತ್ತೆ ಕೇಳಬೇಕಾಯಿತು.

"ಹೇಳಿದ್ರೆ ನೀನು, ನಾನೇ ಕಳಿಸಿದ್ದು ಅಂತ ಜೀವಮಾನ ಪೂರ್ತಿ ಕೊರಗ್ತೀಯ. ಸಿಟ್ಟು ಅಂತ ಅಂದ್ಕೊಂಡ್ರೆ ಅಂದ್ಕೊಳ್ಲಿ, ಅದು ಮೇಲು ಅನ್ನಿಸ್ತು" ಎಂದ. ಆಮೇಲೆ, "ನಿನ್ ದನಿ ನಂಗೆ ಜ್ಞಾಪಕ ಇದೆ. ನಿನ್ ಬಾಯಿ ಆಡೋದು ನೋಡಿದ್ರೆ ಒಳಗೆ ಕೇಳ್ಸುತ್ತೆ. ಹಾಡು ಹಾಗಲ್ಲ" ಎಂದ.

ಸುಪ್ರಜಾ ಅವನ ಎರಡೂ ಕಿವಿಗಳ ಮೇಲೆ ಅಂಗೈ ಇಟ್ಟು, ಹಣೆಗೆ ಹಣೆ ತಾಗಿಸಿ ಅತ್ತಳು. ಅವನು ಅವಳ ಬೆನ್ನು ತಟ್ಟುತ್ತ ಕೂತ.

ಮರುವರ್ಷ ಬೇಸಗೆಯಲ್ಲಿ ಅವರು ಮಾವಳ್ಳಿಗೆ ಮರಳಿದರು. ಪಿಳ್ಳಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು, ಕೊಟ್ಟಿಗೆ ಬರಿದಾಗಿತ್ತು. ಬಸವನಗುಡಿಯ ಕಿವಿ ಡಾಕ್ಟರು ದೊಡ್ಡ ದೊಡ್ಡ ಪರೀಕ್ಷೆಗಳನ್ನೆಲ್ಲ ಮಾಡಿ, "ಒಳಗಿನ ನರ ಹೋಗಿದೆಯಮ್ಮ. ಮಿಷನ್ ಹಾಕ್ಬೋದು, ಮಾತು ಅಷ್ಟಿಷ್ಟು ತಿಳಿಯುತ್ತೆ. ಮೊದಲಿನ ಹಾಗೆ ಅನ್ನೋದು ಮಾತ್ರ ಇಲ್ಲ" ಎಂದರು. ಕಿವಿಗೆ ಮಿಷನ್ ಹಾಕಿಸಿಕೊಂಡ ದಿನ ಚಲುವರಾಜು ತಾನಾಗಿಯೇ, "ಒಂದು ಹಾಡು ಹಾಕೇ" ಎಂದ. ಅವಳು ಟ್ರಂಕಿನಿಂದ ಒಳ್ಳೆಯದೊಂದು ಆರಿಸಿ ಹಾಕಿದಳು. ಅವನು ಅರ್ಧ ನಿಮಿಷವೂ ಕೇಳಲಿಲ್ಲ. ಮಿಷನ್ ಕಿತ್ತು ಮೇಜಿನ ಮೇಲಿಟ್ಟು, "ತಗಡಿನ ಮೇಲೆ ಕಲ್ಲು ಸುರಿದ ಹಾಗಿದೆ. ಆಯಮ್ಮನ ದನಿ ಹಾಗಿರ್ಲಿಲ್ಲ. ಬೇಡ, ಇದನ್ನ ಕೇಳ್ತಾ ಹೋದ್ರೆ ತಲೇಲಿರೋ ಹಾಡೂ ಹಾಳಾಗುತ್ತೆ" ಎಂದ.

ಹಜಾರದಲ್ಲಿ ಮತ್ತೆ ರಿಪೇರಿ ಶುರು ಮಾಡಿದ. ಮಿಕ್ಸಿ, ಫ್ಯಾನು, ನೀರಿನ ಮೋಟಾರು. ಅಂಗೈಯಿಟ್ಟು ಅದುರು ನೋಡಿ ಎಲ್ಲಿ ಏನಾಗಿದೆ ಎಂದು ಹೇಳುತ್ತಿದ್ದ. ಕೆಲಸಕ್ಕೆ ಕೊರತೆಯಿರಲಿಲ್ಲ.

ಸುಪ್ರಜಾಳಿಗೆ ಈಗ ಹಾಡಿಲ್ಲದೆ ಇರಲಾಗುತ್ತಿರಲಿಲ್ಲ. ಅವನ ಮುಂದೆ ಕೇಳಲು ಮನಸ್ಸು ಬರುತ್ತಿರಲಿಲ್ಲ. ಧೃತಿಯ ಹಳೆಯ ವಾಕ್‌ಮನ್ನನ್ನು ತರಕಾರಿ ಚೀಲದಲ್ಲಿಟ್ಟುಕೊಂಡು ಲಾಲ್‌ಬಾಗಿಗೆ ಹೋಗಿ, ಕೆರೆಯ ಕಡೆಯ ಕಲ್ಲುಬೆಂಚಿನ ಮೇಲೆ ಕೂತು ಕೇಳಿ ಬರುತ್ತಿದ್ದಳು. ಪರಗಂಡಸನ್ನು ನೋಡಲು ಹೋದವಳ ಹಾಗೆ ಹಿಂದೆ ಮುಂದೆ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಸೊಪ್ಪು ತೆಗೆಯಲು ಚೀಲಕ್ಕೆ ಕೈಹಾಕಿದ ಚಲುವರಾಜುವಿಗೆ ವಾಕ್‌ಮನ್ ಸಿಕ್ಕಿತು. ಅವನು ಅದನ್ನು ಒರೆಸಿ, ಬ್ಯಾಟರಿ ಬದಲಿಸಿ, ಅವಳ ಕೈಗೆ ಕೊಟ್ಟ.

"ಬಚ್ಚಿಟ್ಕೊಂಡು ಕೇಳ್ಬೇಡ. ನಾನು ಬಚ್ಚಿಟ್ಟು ಏನಾಯ್ತು ನೋಡಿದ್ಯಲ್ಲ. ಮನೇಲೇ ಹಾಕು."

ಅಂದಿನಿಂದ ಅವಳು ಮನೆಯಲ್ಲೇ ಹಾಕತೊಡಗಿದಳು. ಅವನು ಎದ್ದು ಹೋಗುತ್ತಿರಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ತನ್ನ ಪಾಡಿಗೆ ಕೆಲಸ ಮಾಡುತ್ತಿದ್ದ. ಆಗೀಗ ತಲೆಯೆತ್ತಿ, ಸ್ಪೀಕರಿನ ಮೇಲೆ ಬೆರಳಿಟ್ಟು, "ಈಗ ತಬಲಾ ಬಂತು ಅಲ್ವಾ?" ಎಂದು ಕೇಳುವನು. ಅವಳು ಹೌದೆಂದು ತಲೆಯಾಡಿಸುವಳು.

ಶ್ರಾವಣದ ಒಂದು ಭಾನುವಾರ ಬೆಳಿಗ್ಗೆ ಸುಪ್ರಜಾ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದಳು. ಒಳಗಿನಿಂದ ಎಂಥದೋ ದನಿ ಬಂತು. ಯಾರೋ ನರಳುತ್ತಿದ್ದಾರೆಂದು ಗಾಬರಿಯಿಂದ ಓಡಿಬಂದಳು. ಚಲುವರಾಜು ಕನ್ನಡಿಯ ಮುಂದೆ ಗಡ್ಡ ಕೆರೆದುಕೊಳ್ಳುತ್ತಿದ್ದ, ಹಾಡಿಕೊಳ್ಳುತ್ತಿದ್ದ. ಯಾವ ಹಾಡೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮಾತುಗಳೆಲ್ಲ ಸರಿಯಾಗಿದ್ದವು, ಒಂದಕ್ಷರ ತಪ್ಪಿರಲಿಲ್ಲ. ಸ್ವರ ಮಾತ್ರ ಎತ್ತಲೋ ಹೋಗಿತ್ತು. ಏರಬೇಕಾದಲ್ಲಿ ಇಳಿಯುತ್ತಿತ್ತು, ನಿಲ್ಲಬೇಕಾದಲ್ಲಿ ಜಾರುತ್ತಿತ್ತು. ಕಣ್ಣು ಅರ್ಧ ಮುಚ್ಚಿಕೊಂಡು, ಬಹಳ ಸುಖದಲ್ಲಿ ಹಾಡುತ್ತಿದ್ದ. ಮಂಚದ ಮೇಲೆ ಓದುತ್ತ ಕೂತಿದ್ದ ಧೃತಿ ಪುಸ್ತಕ ಕೆಳಗಿಟ್ಟು ಅಮ್ಮನ ಕಡೆ ನೋಡಿದಳು. ಸುಮ್ಮನಿರು ಎಂದು ಸುಪ್ರಜಾ ಸನ್ನೆ ಮಾಡಿದಳು.

ಚರಣ ಮುಗಿಸಿ ಅವನು ಕನ್ನಡಿಯಲ್ಲಿ ಅವಳನ್ನು ಕಂಡ. ತಿರುಗಿ, ನಾಚುತ್ತ, ಕೆನ್ನೆಯ ಸೋಪನ್ನೂ ಒರೆಸಿಕೊಳ್ಳದೆ ಕೇಳಿದ. "ಸರಿಯಾಗಿದ್ಯಾ?"

"ಸರಿಯಾಗಿದೆ ರೀ" ಎಂದಳು. "ಹಾಗೇ ಇದೆ."

ಅವನು ಅವಳ ತುಟಿಯನ್ನು ನೋಡಿದ. ಆಮೇಲೆ ಅವಳ ಕಣ್ಣು ನೋಡಿದ. ಈ ಏಳೆಂಟು ವರ್ಷಗಳಲ್ಲಿ ಅವನು ಕಲಿತದ್ದು ಅದೊಂದನ್ನೇ: ಮುಖದಲ್ಲಿರುವುದನ್ನು ಓದುವುದು. "ಹ್ಞಾಂ" ಎಂದ. ಕನ್ನಡಿಯ ಕಡೆ ತಿರುಗಿ ಉಳಿದರ್ಧ ಗಡ್ಡವನ್ನು ಎಚ್ಚರದಿಂದ ಕೆರೆದು, ರೇಜರು ತೊಳೆದಿಟ್ಟು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ.

ಸುಪ್ರಜಾ ಬಾಗಿಲ ಹೊರಗೆ ಒದ್ದೆ ಬಟ್ಟೆ ಹಿಡಿದು ನಿಂತಿದ್ದಳು. ಒಳಗೆ ನಲ್ಲಿಯಿಂದ ನೀರು ಬೀಳುತ್ತಲೇ ಇತ್ತು. ಬಾಗಿಲು ತಟ್ಟಿದರೆ ಅವನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಒಂದೆರಡು ಸಲ ತಟ್ಟಿದಳು.

ಸ್ನಾನ ಮುಗಿಸಿ ಬಂದು ಅವನು ಎಂದಿನಂತೆ ರಿಪೇರಿಗೆ ಕೂತ. ಆದರೆ ಆಮೇಲೆ ಚಲುವರಾಜು ಹಾಡಿದ್ದನ್ನು ಯಾರೂ ಕೇಳಲಿಲ್ಲ.